ಲಿಫ್ಟ್ ಕೂರಿಸಿದ ಖರ್ಚು

ಕಾರು ಎತ್ತುವ ಲಿಫ್ಟಿಗೆ ಎಷ್ಟಾಗುತ್ತದೆ ಎಂದು ಕೇಳಿದರೆ ಅಂಗಡಿಯವರು ಲಿಫ್ಟಿನ ಬೆಲೆ ಹೇಳುತ್ತಾರೆ. ಎರಡು ಕಂಬ, ನಾಲ್ಕು ತೋಳು, ಒಂದು ಮೋಟರು, ಎಲ್ಲ ಪಟ್ಟಿಯಲ್ಲಿರುತ್ತದೆ. ಆ ಕಂಬಗಳನ್ನು ಹಿಡಿದು ನಿಲ್ಲಬೇಕಾದ ನೆಲ ಪಟ್ಟಿಯಲ್ಲಿರುವುದಿಲ್ಲ. ಅದು ನಿಮ್ಮ ಮನೆಯದು, ನಿಮ್ಮ ಹಣೆಬರಹ.

ನಮ್ಮ ಮನೆಯ ಗ್ಯಾರೇಜಿನ ನೆಲ ಹಾಕಿದವನು ನನ್ನ ಅಪ್ಪ. ನೆಲ ನಯ ಮಾಡುವುದು ನಲವತ್ತು ವರ್ಷ ಅವನ ಕಸುಬಾಗಿತ್ತು. ಬೇರೆಯವರು ಕಾಂಕ್ರೀಟು ಸುರಿದು ಮನೆಗೆ ಹೋದ ಮೇಲೆ ಇವನು ಮೊಣಕಾಲಿಗೆ ಗೋಣಿ ಕಟ್ಟಿಕೊಂಡು, ಕರಣೆ ಹಿಡಿದು, ಹಿಂದಕ್ಕೆ ಹಿಂದಕ್ಕೆ ತೆವಳುತ್ತ ಹೋಗುತ್ತಿದ್ದ. ಬಾಗಿಲು ತಲುಪುವ ಹೊತ್ತಿಗೆ ನೆಲದಲ್ಲಿ ಮುಖ ಕಾಣುತ್ತಿತ್ತು. ಆಸ್ಪತ್ರೆ, ಬ್ಯಾಂಕು, ದೊಡ್ಡ ಹೋಟೆಲಿನ ಮೊಗಸಾಲೆ, ಊರಿನ ಅರ್ಧ ಜನ ಅಪ್ಪನ ಕೆಲಸದ ಮೇಲೆ ಕಾಲಿಟ್ಟು ಓಡಾಡುತ್ತಾರೆ. ಅವನನ್ನು ಕನ್ನಡಿ ಮೇಸ್ತ್ರಿ ಎಂದೇ ಕರೆಯುತ್ತಾರೆ. ತನಗೋಸ್ಕರ ಅವನು ಹಾಕಿಕೊಂಡ ನೆಲ ಇದೊಂದೇ. ಮೊಣಕಾಲು ಸವೆದು ಕೆಲಸ ಬಿಟ್ಟ ಮೇಲಂತೂ ಮನೆಗೆ ಬಂದವರನ್ನೆಲ್ಲ ಮೊದಲು ಗ್ಯಾರೇಜಿಗೆ ಕರೆದುಕೊಂಡು ಹೋಗುತ್ತಿದ್ದ. "ನೀರು ಚೆಲ್ಲಿ ನೋಡಿ. ಎಲ್ಲಿ ಚೆಲ್ಲಿದ್ರೋ ಅಲ್ಲೇ ಕೂತಿರುತ್ತೆ, ಎಲ್ಲಿಗೂ ಹರಿಯಲ್ಲ" ಎನ್ನುತ್ತಿದ್ದ.

ಆ ನೆಲದ ಮೇಲೆ ರಟ್ಟು ಹಾಸಿಕೊಂಡು, ಅಂಗಾತ ಮಲಗಿ, ಹತ್ತು ವರ್ಷದಿಂದ ಕಾರು ರಿಪೇರಿ ಮಾಡುತ್ತಿರುವವಳು ನಾನು. ಎಣ್ಣೆ ನೆಲದ ಮೇಲೆ ಒಂದು ಹನಿ ಬಿದ್ದರೆ ಅಪ್ಪ ಬಟ್ಟೆ ಹಿಡಿದು ಓಡಿ ಬರುತ್ತಾನೆ. ನನ್ನ ಮುಖದ ಮೇಲೆ ಬಿದ್ದರೆ ಬರುವುದಿಲ್ಲ. ಹೋದ ವರ್ಷ ಜಾಕು ಜಾರಿ ಒಂದು ಹಳೆಯ ಕಾರು ನನ್ನ ಎಡ ಭುಜದ ಮೇಲೆ ಕೂತಿತು. ಅಮ್ಮ ಕೂಗಿಕೊಂಡು ಬೀದಿಯ ನಾಲ್ಕು ಜನರನ್ನು ಕರೆತಂದು ಎತ್ತಿಸುವವರೆಗೆ ನಾನು ಸೈಲೆನ್ಸರಿನ ತುಕ್ಕು ನೋಡುತ್ತ ಬಿದ್ದಿದ್ದೆ. ಈಗ ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದರು: "ಇನ್ನೊಂದು ಸಲ ಹೀಗಾದ್ರೆ ಕೈ ಇರಲ್ಲಮ್ಮ. ನಿಂತು ಮಾಡೋ ಕೆಲಸ ನೋಡ್ಕೋ." ನನಗೆ ಬರುವ ಕೆಲಸ ಒಂದೇ. ಅದನ್ನೇ ನಿಂತು ಮಾಡಬೇಕಾದರೆ ಲಿಫ್ಟು ಬೇಕು.

ಬಾಗಿಲು ಹಾಕಿದ ಒಂದು ವರ್ಕ್‌ಶಾಪಿನಿಂದ ಹಳೆಯ ಎರಡು ಕಂಬದ ಲಿಫ್ಟು ಕೊಂಡೆ. ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು. ಕೂರಿಸುವುದಕ್ಕೆ ತೂತಣ್ಣನನ್ನು ಕರೆಸಿದೆ. ಅದು ಅವನ ನಿಜವಾದ ಹೆಸರಲ್ಲ. ನೆಲಕ್ಕೆ ಒಂದು ತೂತು ಕೊರೆದು, ಅದರಲ್ಲಿ ಕೊಕ್ಕೆ ತಂತಿ ಇಳಿಸಿ, ಕಾಂಕ್ರೀಟು ಎಷ್ಟು ದಪ್ಪ ಇದೆ ಎಂದು ನೋಡದೆ ಅವನು ಯಾರಿಗೂ ರೇಟು ಹೇಳುವುದಿಲ್ಲ. ಕೊಟ್ಟ ಕಾಫಿ ಆರಿಹೋದರೂ ಸರಿ, ಮೊದಲು ತೂತು.

ಅವನು ಡ್ರಿಲ್ಲಿನ ವೈರು ಬಿಚ್ಚುತ್ತಿದ್ದ ಹಾಗೆ ಅಪ್ಪ ಕುರ್ಚಿಯಿಂದ ಎದ್ದ.

"ಏನದು?"

"ಒಂದು ತೂತು ಮೇಸ್ತ್ರಿ. ಬೆರಳಷ್ಟು."

"ನನ್ನ ನೆಲಕ್ಕಾ?"

"ಪಕ್ಕದ ಮನೆ ನೆಲಕ್ಕೆ ಹಾಕಿದ್ರೆ ಇದರ ಆಳ ಗೊತ್ತಾಗಲ್ವಲ್ಲ."

"ಆಳ ನನ್ನ ಕೇಳು. ಹಾಕಿದವನು ನಾನು. ಆರಿಂಚು."

"ಮೇಸ್ತ್ರಿ, ನಾನು ನನ್ನ ಹೆಂಡ್ತಿ ಮಾತು ನಂಬ್ತೀನಿ, ಕಳ್ಳರ ಮಾತೂ ನಂಬ್ತೀನಿ. ನೆಲದ ವಿಷಯದಲ್ಲಿ ಮಾತ್ರ ತಂತಿ ಹೇಳಿದ್ದೇ ನಂಬೋದು."

ಅಪ್ಪ ಡ್ರಿಲ್ಲಿನ ವೈರಿನ ಮೇಲೆ ಕಾಲಿಟ್ಟು ನಿಂತ. ತೂತಣ್ಣ ಜಗಳಕ್ಕೆ ಹೋಗಲಿಲ್ಲ. ಸುತ್ತಿಗೆ ತೆಗೆದು ನೆಲಕ್ಕೆ ಮೂರು ಕಡೆ ಮೆಲ್ಲಗೆ ಬಡಿದು ಕಿವಿಗೊಟ್ಟ.

"ಡಬ್ಬದ ಸದ್ದು ಬರ್ತಿದೆ ತಂಗಿ" ಎಂದ ನನಗೆ. "ಐದಿಂಚು ಇಲ್ಲದೆ ನಾನು ಕಂಬ ನಿಲ್ಲಿಸಲ್ಲ. ಇದು ಆ ಲೆಕ್ಕಕ್ಕೆ ಬರಲ್ಲ ಅನ್ಸುತ್ತೆ. ಕಂಬದ ಜಾಗ ಎರಡೂ ಒಡೆದು, ಕಬ್ಬಿಣ ಕಟ್ಟಿ, ಹೊಸದಾಗಿ ಹಾಕ್ಬೇಕು. ಇಪ್ಪತ್ತೆಂಟು ದಿನ ಗಟ್ಟಿಯಾಗೋಕೆ ಬಿಡ್ಬೇಕು. ಲಿಫ್ಟಿಗೆ ಕೊಟ್ಟಿದ್ದರಲ್ಲಿ ಅರ್ಧ ನೆಲಕ್ಕೆ ಅಂತ ಇಟ್ಕೋ."

ಅಪ್ಪ ನಕ್ಕ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

"ಡೊಂಕು ಅಂದಿಲ್ಲ ಮೇಸ್ತ್ರಿ" ಎಂದ ತೂತಣ್ಣ, ವೈರು ಸುತ್ತಿಕೊಳ್ಳುತ್ತ. "ತೆಳು ಅಂದೆ."

ಅವತ್ತಿನಿಂದ ಮೂರು ವಾರ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಲಿಫ್ಟಿನ ಕಂಬಗಳು ಗೋಡೆ ಬದಿ ಮಲಗಿದ್ದವು, ನಾನು ಕಾರುಗಳ ಕೆಳಗೆ ಮಲಗಿದ್ದೆ. ನಾನು ಕೂಗಾಡಿದೆ. ಆಸ್ಪತ್ರೆಯ ಎಕ್ಸರೇ ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟೆ. ಕೊನೆಗೆ ಸಮಾಧಾನವಾಗಿಯೂ ಕೇಳಿದೆ. "ಒಡೆದ ಜಾಗನ ನೀನೇ ನಯ ಮಾಡಿಕೊಡಪ್ಪ. ಮಿಕ್ಕಿದ್ದು ಹಾಗೇ ಇರುತ್ತೆ."

"ತೇಪೆ ಹಾಕೋದು ದರ್ಜಿ ಕೆಲಸ" ಎಂದ. "ಎಲ್ಲೋ ಸುತ್ತಿಗೆಯಲ್ಲಿ ಬಡಿದು ಹೋದವನ ಮಾತು ಕಟ್ಕೊಂಡು ನಲವತ್ತು ವರ್ಷದ ಹೆಸರನ್ನ ಒಡೀಬೇಕಾ? ಮನೆ ಯಾರದು?"

"ಕೈ ಯಾರದು?" ಎಂದೆ ನಾನು.

ಅಮ್ಮ ಪಾತ್ರೆ ತೊಳೆಯುತ್ತಲೇ ಹೇಳಿದಳು: "ಬಿಟ್ಟುಬಿಡೇ. ಅವರು ಹೋಗೋ ದಿನ ಆ ನೆಲಾನ ಚಾಪೆ ಥರ ಸುತ್ತಿ ಜೊತೆಗೇ ಕಳಿಸೋಣ."

ಎದುರುಮನೆಯ ಮೇಡಮ್ಮನ ದೊಡ್ಡ ಗಾಡಿ ಕ್ಲಚ್ಚು ರಿಪೇರಿಗೆ ಬಂದಿತ್ತು. ಅದರ ಸಾಮಾನು ತರುವುದಕ್ಕೆ ನಾನು ಎರಡು ದಿನ ಪಕ್ಕದ ಊರಿಗೆ ಹೋದೆ. ಮೂರನೆಯ ದಿನ ಮಧ್ಯಾಹ್ನ ಬಸ್ಸಿಳಿದು, ಸಾಮಾನಿನ ಪೆಟ್ಟಿಗೆ ಬಲಗೈಯಲ್ಲಿ ಹೊತ್ತು ಬಂದು ನೋಡಿದರೆ ಗ್ಯಾರೇಜಿನಲ್ಲಿ ಲಿಫ್ಟು ಎದ್ದು ನಿಂತಿದೆ. ಅದರ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಮೇಡಮ್ಮನ ಗಾಡಿ. ನೆಲ ಎಲ್ಲಿಯೂ ಒಡೆದಿಲ್ಲ. ಒರೆಸಿ ಥಳಥಳ ಮಾಡಿಟ್ಟಿದ್ದಾರೆ.

ಪಕ್ಕದಲ್ಲಿ ಗೇಟು ವೆಲ್ಡರ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಅಪ್ಪನ ಹಳೆಯ ಸ್ನೇಹಿತ. ಜೀವಮಾನವೆಲ್ಲ ಗೇಟು, ಕಿಟಕಿ ಸರಳು ಬಿಟ್ಟು ಬೇರೇನೂ ಮಾಡಿದವನಲ್ಲ.

"ನೋಡು ಮಗಳೇ" ಎಂದ ಅಪ್ಪ. "ಇಪ್ಪತ್ತೆಂಟು ದಿನ ಅಂದನಲ್ಲ ನಿನ್ನ ತೂತಣ್ಣ. ಒಂದೂವರೆ ದಿನ. ಖರ್ಚು ಎರಡು ಊಟ."

"ತೂತು ಹಾಕೋಕೆ ಬಿಡಲ್ಲ ಅಂತ ನೀನೇ ಅಂದಿದ್ದೆ."

"ಕಂಬದ ಬುಡದ ಪ್ಲೇಟಿನ ಅಡಿ ಇರೋ ತೂತು ಯಾರಿಗೆ ಕಾಣುತ್ತೆ?"

ಪೆಟ್ಟಿಗೆ ಕೆಳಗಿಟ್ಟೆ. "ಇಳಿಸ್ತೀನಿ. ಇಬ್ರೂ ಆಚೆ ಹೋಗಿ."

"ಯಾಕೆ ಇಳಿಸ್ತೀಯ? ಬೆಳಗ್ಗಿಂದ ನಿಂತಿದೆ. ಅಲ್ಲಾಡಿದೆಯಾ ಕೇಳು ಇವನನ್ನ."

"ಕಲ್ಲಿನ ಹಾಗೆ ನಿಂತಿದೆ" ಎಂದ ವೆಲ್ಡರ್. ನನ್ನ ಮುಖ ನೋಡಲಿಲ್ಲ.

"ಅಪ್ಪ, ಇದು ಬಿದ್ರೆ ಗಾಡಿ ಮಾತ್ರ ಬೀಳಲ್ಲ."

ಆಗ ಅಪ್ಪ ತನ್ನ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೋಗಿ ಗಾಡಿಯ ಕೆಳಗೆ, ಸರಿಯಾಗಿ ನಡುವೆ ಇಟ್ಟ. ಕೂತ. ಕಾಲು ಮೇಲೆ ಕಾಲು ಹಾಕುವುದಕ್ಕೆ ನೋಡಿದ, ಮೊಣಕಾಲು ಬಗ್ಗಲಿಲ್ಲ, ಚಾಚಿಕೊಂಡ.

"ಇಳಿಸು ಈಗ" ಎಂದ.

ಈ ಲಿಫ್ಟು ಇಳಿಯುವ ಕ್ರಮ ಹೇಳಬೇಕು. ಮೇಲೆ ಹೋದ ಗಾಡಿಯನ್ನು ಎರಡೂ ಕಂಬದಲ್ಲಿ ಒಂದೊಂದು ಕೊಂಡಿ ಹಿಡಿದಿರುತ್ತದೆ. ಆ ಕೊಂಡಿ ಬಿಡಬೇಕಾದರೆ ಗಾಡಿಯನ್ನು ಮೊದಲು ಒಂದು ಬೆರಳಷ್ಟು ಮೇಲಕ್ಕೇ ಎತ್ತಬೇಕು. ಆಮೇಲೆ ಇಳಿಯುತ್ತದೆ. ನೆಲದ ಮೇಲೆ ಭಾರ ಜಾಸ್ತಿ ಬೀಳುವುದು ಆ ಗಳಿಗೆಯಲ್ಲೇ. ಕೆಳಗೆ ಮನುಷ್ಯ ಕೂತಿದ್ದರೆ ಎತ್ತುವ ಹಾಗಿಲ್ಲ, ಇಳಿಸುವ ಹಾಗಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ. ಅಪ್ಪನಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಿದೆ. ಹೇಳಿದ್ದಕ್ಕೆ ಇನ್ನೂ ಆರಾಮವಾಗಿ ಬೆನ್ನು ಆನಿಸಿದ.

ಅಮ್ಮ ಒಳಗಿನ ಬಾಗಿಲಲ್ಲಿ ಬಂದು ನಿಂತಳು. "ಊಟಕ್ಕೆ ಏಳ್ತೀರೋ, ಇಲ್ಲ ಗಾಡಿ ಕೆಳಗೇ ಬಡಿಸ್ಲೋ?"

"ಇಲ್ಲೇ ತಾ" ಎಂದ ಅಪ್ಪ. "ನನ್ನ ನೆಲ ನನ್ನ ಮೇಲೆ ಗಾಡಿ ಬೀಳಿಸುತ್ತಾ ನೋಡೇಬಿಡೋಣ."

ಟಿಕ್ ಎಂದು ಒಂದು ಸದ್ದು ಬಂತು. ಹಲ್ಲಲ್ಲಿ ಕಲ್ಲು ಸಿಕ್ಕಂಥ ಸಣ್ಣ ಸದ್ದು. ನಾನು ನೆಲ ನೋಡಿದೆ. ಗೋಡೆ ಕಡೆಯ ಕಂಬದ ಪ್ಲೇಟಿನ ಮೂಲೆಯಿಂದ ಕೂದಲೆಳೆಯಷ್ಟು ಒಂದು ಗೆರೆ ಹೊರಟು ಅಪ್ಪನ ಕಾಲಿನ ಕಡೆಗೆ ಬಂದಿತ್ತು. ಪ್ಲೇಟಿನ ಹಿಂದಿನ ಅಂಚು ಮೇಲೆದ್ದಿತ್ತು. ಕಂಬದ ನೆತ್ತಿ ಗೋಡೆ ಬಿಟ್ಟು ಒಳಕ್ಕೆ ವಾಲಿತ್ತು.

ವೆಲ್ಡರನೂ ನೋಡಿದ. "ನಂಗೆ ಒಂದು ಗೇಟ್ ಕೆಲಸ ಇದೆ ಮೇಸ್ತ್ರಿ" ಎಂದವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿಗೆ ಹೋದ.

"ಏಳಪ್ಪ" ಎಂದೆ.

ಅಪ್ಪನೂ ಗೆರೆಯನ್ನು ನೋಡುತ್ತಿದ್ದ. ಹೆದರಿದವನ ಹಾಗೆ ಅಲ್ಲ. ಬೀದಿಯಲ್ಲಿ ಯಾರಿಂದಲೋ ಬೈಸಿಕೊಂಡವನ ಹಾಗೆ. ಏಳಲಿಲ್ಲ. ಏಳುವುದಕ್ಕೆ ಮೊಣಕಾಲು ಬಿಡಲಿಲ್ಲವೋ, ಮನಸ್ಸು ಬಿಡಲಿಲ್ಲವೋ, ಕೇಳುತ್ತ ನಿಲ್ಲುವಷ್ಟು ಪುರುಸೊತ್ತು ನನಗಿರಲಿಲ್ಲ. ಗಾಡಿಯ ಕೆಳಗೆ ನುಗ್ಗಿ, ಕುರ್ಚಿಯ ಬೆನ್ನನ್ನು ಬಲಗೈಯಲ್ಲಿ ಹಿಡಿದು ಎಳೆದೆ. ಎಂಬತ್ತು ಕೆಜಿ ಮನುಷ್ಯ. ಬೇರೆ ನೆಲದ ಮೇಲಾಗಿದ್ದರೆ ಒಂದು ಕೈಯಲ್ಲಿ ಅಲ್ಲಾಡಿಸುವುದಕ್ಕೂ ಆಗುತ್ತಿರಲಿಲ್ಲ. ಅಪ್ಪ ನಯ ಮಾಡಿದ ನೆಲ, ಕುರ್ಚಿ ಸುಯ್ಯೆಂದು ಜಾರಿ ಬಂತು. ಹೊಸಿಲಿಗೆ ಬಡಿದು, ಅವನು ಅಮ್ಮನ ಕಾಲ ಬಳಿ ಹೊರಳಿ ಬಿದ್ದ.

"ಹಿಡ್ಕೋ ಅವನನ್ನ" ಎಂದೆ ಅಮ್ಮನಿಗೆ.

ಮೋಟರಿನ ಗುಂಡಿ ಇನ್ನೊಂದು ಕಂಬದಲ್ಲಿತ್ತು. ಒತ್ತಿದೆ. ಗಾಡಿ ಬೆರಳಷ್ಟು ಎದ್ದಿತು. ಗೋಡೆ ಕಡೆ ಪ್ಲೇಟಿನಿಂದ ಒಂದು ಬೋಲ್ಟು, ಅಂಗೈಯಗಲ ನೆಲವನ್ನು ಕಚ್ಚಿಕೊಂಡೇ, ಪಟಾರನೆ ಕಿತ್ತು ಹಾರಿತು. ಕೊಂಡಿ ಬಿಟ್ಟಿತು. ಇಳಿಸುವ ಹಿಡಿ ಎಳೆದು ಹಿಡಿದುಕೊಂಡೆ. ಗಾಡಿ ಒಂದು ಕಡೆ ವಾಲುತ್ತ, ನರಳುತ್ತ ಇಳಿಯಿತು. ಚಕ್ರ ನೆಲ ಮುಟ್ಟಿದಾಗ ಕಂಬ ಅದರ ಬಾಗಿಲಿಗೆ ಒರಗಿ ನಿಂತಿತು. ಬಾಗಿಲಲ್ಲಿ ತಗ್ಗು ಬಿತ್ತು. ಅಷ್ಟೇ ಆದದ್ದು.

ಹಾರಿ ಬಿದ್ದ ಬೋಲ್ಟನ್ನು ಎತ್ತಿ ನೋಡಿದೆ. ಲಿಫ್ಟಿನ ಜೊತೆ ನಾನು ತಂದಿದ್ದ ಬೋಲ್ಟುಗಳು ಗೇಣುದ್ದ ಇದ್ದವು. ಇದು ನನ್ನ ಹೆಬ್ಬೆರಳಿನಷ್ಟಿತ್ತು. ತುದಿಯನ್ನು ಗ್ರೈಂಡರಿನಲ್ಲಿ ಕತ್ತರಿಸಿದ್ದರು. ಕತ್ತರಿಸಿದ ಕಡೆ ಕಬ್ಬಿಣ ಕಾದು ಬಂದ ನೀಲಿ ಬಣ್ಣ ಇನ್ನೂ ಮಾಸಿರಲಿಲ್ಲ. ಅದು ಕಚ್ಚಿಕೊಂಡು ಬಂದ ನೆಲದ ಚೂರಿನ ಮೇಲೆ ಕನ್ನಡಿ ಹೊಳಪು, ಕೆಳಗೆ ಎರಡಿಂಚು ಕಾಂಕ್ರೀಟು. ಬೋಲ್ಟು ಎದ್ದು ಹೋದ ಕುಳಿಯಲ್ಲಿ ಮಣ್ಣು, ಇಟ್ಟಿಗೆ ಚೂರು.

ಡ್ರಿಲ್ಲು ಎರಡಿಂಚಿಗೇ ಮಣ್ಣಿಗೆ ಇಳಿದದ್ದು ಅಪ್ಪನಿಗೂ ವೆಲ್ಡರನಿಗೂ ತಿಳಿದಿತ್ತು. ತಿಳಿದು, ಎಲ್ಲ ಬೋಲ್ಟುಗಳನ್ನೂ ನೆಲದ ಅಳತೆಗೆ ಕತ್ತರಿಸಿದ್ದರು.

ಅಮ್ಮನ ಕೈಗೆ ಕೊಟ್ಟೆ. ಅವಳಿಗೆ ಬೋಲ್ಟಿನ ಉದ್ದ ತಿಳಿಯುವುದಿಲ್ಲ, ಆದರೆ ಕತ್ತರಿಸಿದ್ದು ತಿಳಿಯುತ್ತದೆ. ಅಪ್ಪನನ್ನು ನೋಡಿ, "ನಿಮ್ಮ ಮಾನ ಉಳಿಸೋಕೆ ಇವಳ ಪ್ರಾಣ ಬೇಕಿತ್ತಾ?" ಎಂದಳು. ಅಪ್ಪ ಗೋಡೆ ಹಿಡಿದು ಎದ್ದು ಒಳಗೆ ಹೋದ.

ಮೇಡಮ್ಮನ ಮನೆಗೆ ಹೋಗಿ ಗಾಡಿಯ ಬಾಗಿಲಲ್ಲಿ ತಗ್ಗು ಬಿದ್ದದ್ದನ್ನು ಹೇಳಿ ಬೈಸಿಕೊಂಡು ಬಂದೆ. ಮರುದಿನ ತೂತಣ್ಣನ ಹತ್ತಿರ ಹೋಗಿ ಕಾಂಕ್ರೀಟು ಒಡೆಯುವ ಯಂತ್ರ ಕೇಳಿದೆ. ಬೋಲ್ಟು ತೋರಿಸಿದೆ. ಅವನು ಅದನ್ನು ಬಹಳ ಹೊತ್ತು ನೋಡಿ, "ಬಾಡಿಗೆ ಬೇಡ. ಇದನ್ನ ನಂಗೆ ಕೊಟ್ಟುಬಿಡು. ತೂತು ಯಾಕೆ ಅಂತ ಕೇಳೋರಿಗೆ ತೋರಿಸ್ತೀನಿ" ಎಂದ.

ಕಂಬಗಳನ್ನು ಬಿಚ್ಚಿ ಮಲಗಿಸಿ, ಯಂತ್ರದ ಮೊನೆಯನ್ನು ಬಾಗಿಲ ಹತ್ತಿರದ ಅಂಚಿಗೆ ಇಟ್ಟೆ. ಎರಡು ಜಾಗ ಮಾತ್ರ ಒಡೆಯುವುದಲ್ಲ, ಪೂರ್ತಿ ಒಡೆಯುವುದೆಂದು ಹಾದಿಯಲ್ಲೇ ನಿರ್ಧರಿಸಿದ್ದೆ. ಒಂದು ತಿಂಗಳು ಕೆಲಸವಿಲ್ಲ, ಮೇಲೆ ಸಾಲ. ಇರಲಿ. ಅಪ್ಪ ಬಂದು ಒಳಬಾಗಿಲಲ್ಲಿ ನಿಂತ. ತಡೆಯುತ್ತಾನೆ ಅಂದುಕೊಂಡೆ. ತಡೆದರೆ ಏನು ಹೇಳಬೇಕೆಂದು ರಾತ್ರಿಯೆಲ್ಲ ಮಸೆದು ಇಟ್ಟುಕೊಂಡಿದ್ದೆ.

"ಅಲ್ಲಿಂದ ಶುರು ಮಾಡಬೇಡ" ಎಂದ. "ಅಂಚಿಗೆ ನಾಲ್ಕಿಂಚು ಹಾಕಿದ್ದೀನಿ. ನಡುವೆ ತೆಳು. ಅಲ್ಲಿಂದ ಬಾ, ಸಲೀಸು."

ಅಂಚು ಮಾತ್ರ ದಪ್ಪ. ಬಾಗಿಲಲ್ಲಿ ನಿಂತು ನೋಡುವವರಿಗೆ ಕಾಣುವ ಅಂಚು.

"ಆರಿಂಚು ಅಂದಿದ್ದೆ ನೀನು."

"ಅಂದಿದ್ದೆ."

"ಬೋಲ್ಟು ಕತ್ತರಿಸು ಅಂದಿದ್ದು ಯಾರು?"

ಅಪ್ಪ ಕಾಲಬೆರಳಿನಲ್ಲಿ ನೆಲದ ಮೇಲಿನ ಒಂದು ಚೂರನ್ನು ಪಕ್ಕಕ್ಕೆ ಸರಿಸಿದ.

"ಸೋಮವಾರ ಕ್ಲಚ್ಚು ಬಿಚ್ಚೋಕೆ ನಾನು ಅದರ ಕೆಳಗೆ ನಿಲ್ತಿದ್ದೆ."

"ಗೊತ್ತು" ಎಂದ. "ಅದಕ್ಕೇ ನಾನು ಮೊದಲು ಕೂತಿದ್ದು."

ಇದನ್ನು ಅವನು ಒಳ್ಳೆಯ ಮಾತೆಂದು ಹೇಳಿದ. ಅದೇ ನನ್ನನ್ನು ಸುಟ್ಟಿತು. ಎರಡಿಂಚು ಎಂದು ಬಾಯಿ ಬಿಟ್ಟು ಹೇಳುವುದಕ್ಕಿಂತ ಎರಡು ಟನ್ ಗಾಡಿಯ ಕೆಳಗೆ ಕೂರುವುದು ಇವನಿಗೆ ಸುಲಭವಾಗಿತ್ತು. ಅದು ಬೀಳದೆ ನಿಂತಿದ್ದರೆ ಸೋಮವಾರ ನನ್ನನ್ನೂ ನಿಲ್ಲಿಸುತ್ತಿದ್ದ, ಮಂಗಳವಾರವೂ, ಬೀಳುವ ದಿನದವರೆಗೂ. ರಾತ್ರಿ ಮಸೆದು ಇಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಇದಕ್ಕೆ ಸಾಲುತ್ತಿರಲಿಲ್ಲ.

"ಆಚೆ ನಿಲ್ಲು" ಎಂದೆ. "ಚೂರು ಸಿಡಿಯುತ್ತೆ."

ಅವನು ಹೋಗಲಿಲ್ಲ. ಯಂತ್ರವನ್ನು ಎಳೆದುಕೊಂಡು ನಡುವಿಗೆ ಹೋದೆ. ಅವನು ಹೇಳಿದ್ದು ನಿಜ. ಗುಂಡಿ ಒತ್ತಿದ ಒಂದೇ ಏಟಿಗೆ ಮೊನೆ ನೆಲವನ್ನು ಹಪ್ಪಳದ ಹಾಗೆ ಮುರಿದು ಮಣ್ಣಿಗೆ ಇಳಿಯಿತು. ನನ್ನ ಸಿಟ್ಟು ಅದರಿಂದ ಇನ್ನಷ್ಟು ಹೆಚ್ಚಿತು. ಯಂತ್ರದ ಒಂದು ಹಿಡಿಯನ್ನು ಬಲಗೈಯಲ್ಲಿ ಹಿಡಿದು, ಇನ್ನೊಂದನ್ನು ಸೊಂಟಕ್ಕೆ ಆನಿಸಿಕೊಂಡು, ಒಡೆಯುತ್ತ ಹೋದೆ.