ಬೇಲಿಯಾಚೆಗಿನ ಪಾಠ

"ಜೋರಾಗಿ ಓದಪ್ಪಾ, ಗಾಳಿಗೆ ಕೇಳ್ಸಲ್ಲ!" ಎಂದು ಹುಲ್ಲಿನ ಗುಡ್ಲಿನೊಳಗಿಂದ ಮಗಳು ಮುದ್ದಕ್ಕ ಕೂಗಿದಳು.

ಚಿತ್ತಯ್ಯ ಮುಳ್ಳುಬೇಲಿಯ ಈಚೆ ಬಂಡೆಯ ಮೇಲೆ ಕುಳಿತು, ಇಂಗ್ಲಿಷ್ ಗೈಡನ್ನು ಕಣ್ಣಿಗೆ ಹತ್ತಿರ ಹಿಡಿದ. ಅವನಿಗೆ ಬರುತ್ತಿದ್ದದ್ದು ಕನ್ನಡದ ಅಕ್ಷರ ಮಾತ್ರ, ಅದೂ ತಡವರಿಸಿಕೊಂಡು. ಮಗಳು ಒಂದೊಂದು ಇಂಗ್ಲಿಷ್ ಮಾತಿನ ಪಕ್ಕದಲ್ಲೂ ಉಚ್ಚಾರ, ಅರ್ಥ ಎರಡನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದರಿಂದ ಬಚಾವು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಡುಮ್ಕಿ ಹೊಡೆದಿದ್ದಳು. ಈ ಸಲ ದಾಟಿದರೆ ಟೀಚರ್ ಟ್ರೈನಿಂಗು, ಇಲ್ಲವಾದರೆ ಸೋದರಮಾವನ ಜೊತೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ನಾಳೆ ಬೆಳಿಗ್ಗೆ ಹಿರಿಯೂರಿನಲ್ಲಿ ಪರೀಕ್ಷೆ. ಮೈಲಿಗೆ ಪರೀಕ್ಷೆಯ ದಿನ ನೋಡಿಕೊಂಡು ಬರುತ್ತದೆಯೇ? ಮುಟ್ಟಾದ ಹೆಣ್ಣು ಹಟ್ಟಿಯ ಬೇಲಿಯ ಹೊರಗಿನ ಗುಡ್ಲಿನಲ್ಲೇ ಇರಬೇಕು. ಪುಸ್ತಕವೆಂದರೆ ಸರಸ್ವತಿ, ಈಗ ಮುಟ್ಟಕೂಡದು ಎಂದು ತಾಯಿ ಹುಚ್ಚಕ್ಕ ಬೇರೆ ಹಟ ಹಿಡಿದಿದ್ದಳು. ನಾಳೆ ಪರೀಕ್ಷೆಯ ಹಾಳೆ ಮುಟ್ಟೋದಿಲ್ವಾ ಅಂದರೆ, ಅದು ಸರ್ಕಾರದ್ದು ಅನ್ನುತ್ತಿದ್ದಳು. ಕೊನೆಗೆ ಈ ಉಪಾಯ ಹುಡುಕಿದವನು ಚಿತ್ತಯ್ಯನೇ. ಹಟ್ಟಿಯ ದೇವರು ಜುಂಜಪ್ಪನ ಪೂಜಾರಿ ಅವನು. ಗುಡ್ಲಿನ ಕಡೆ ಹುಟ್ಟಿದಾಗಿನಿಂದ ಕಾಲಿಟ್ಟವನಲ್ಲ. ಆದರೆ ದನಿಗೆಲ್ಲಿ ಮೈಲಿಗೆ?

"ಸಿಮಿಲಿ ಅಂದ್ರೇನು?"

"ಇದು ಅದ್ರಂಗೆ ಐತೆ ಅನ್ನೋದು. ಹಾಲಿನಂಗೆ ಬೆಳ್ಳಗೆ."

"ಸರಿ ಐತೆ. ಅಪಾಸ್ಟ್ರಫಿ?"

"ಎದುರಿಗೆ ಇಲ್ದೋರ್ನ ಇದಾರೇನೋ ಅಂತ ಕರ್ದು ಮಾತಾಡ್ಸೋದು."

ಚಿತ್ತಯ್ಯನಿಗೆ ಇದು ಹಿಡಿಸಿತು. "ಕಳೆದೋದ ಕುರೀನ ಗುಡ್ಡದಾಗೆ ನಿಂತು ಕೂಗ್ತೀನಲ್ಲ, ಅದೂ ಅದೇ ಏನು?"

"ಕುರಿ ಓಗೊಟ್ರೆ ಅಲ್ಲ ಕಣಪ್ಪಾ!" ಮುದ್ದಕ್ಕ ನಕ್ಕಳು. ಅವನೂ ನಕ್ಕ. ಊರಿಗೆಲ್ಲ ಕಬ್ಬಿಣದ ಕಡಲೆಯಾದ ಇಂಗ್ಲಿಷನ್ನು ಮಗಳು ಪುರಿಯ ಹಾಗೆ ಮೆಲ್ಲುತ್ತಿದ್ದಾಳೆ ಅನ್ನಿಸಿ ಅವನಿಗೆ ಹೆಮ್ಮೆಯಾಯಿತು.

"ಮೆಟಫರ್ ಅಂದ್ರೇನು?"

"ಅದು... ಹಾ! ಅಪ್ಪಾ, ಕಾಲಿಗೆ ಏನೋ ಕಚ್ತು."

"ಇರುವೆ ಇರ್ಬೇಕು ಕಣೆ. ಮನಸ್ಸು ಅತ್ಲಾಗೆ ಬಿಡಬ್ಯಾಡ, ಹೇಳು."

ಹೇಳಿದಳು. ಮುಂದಿನವಕ್ಕೂ ಹೇಳಿದಳು. ಹೊತ್ತು ಇಳಿಯುತ್ತಿತ್ತು, ಮೇಕೆಗಳು ಹಟ್ಟಿಗೆ ವಾಪಸಾಗುತ್ತಿದ್ದವು. ಬರಬರುತ್ತ ಅವಳ ಮಾತು ನಾಲಿಗೆ ದಪ್ಪವಾದಂತೆ ತೊದಲಿತು.

"ಕಣ್ಣು ಎಳೀತೈತಪ್ಪಾ..."

"ನಿದ್ದೆಗೆಟ್ಟು ಓದಿದ್ಯಲ್ಲ ಅದ್ಕೆ. ಇನ್ನೊಂದ್ ಎಲ್ಡು ಕೇಳಿ ಬಿಡ್ತೀನಿ ತಗ."

ಕೇಳಿದ. ಉತ್ತರ ಬರಲಿಲ್ಲ. ಮರೆತಳೇನೋ ಎಂದು ಉತ್ತರದ ಮೊದಲ ಮಾತನ್ನು ತಾನೇ ಎತ್ತಿಕೊಟ್ಟ. ಆಗಲೂ ಬರಲಿಲ್ಲ.

"ಲೇ ಮುದ್ದೀ! ಮಗಾ!"

ಗೈಡು ಕೈಯಿಂದ ಜಾರಿತು. ಬೇಲಿಯ ಬಾಯಿಗೆ ಓಡಿಹೋದ, ಅಲ್ಲಿಗೆ ನಿಂತ. ಬೀಡಿ ಹಚ್ಚುವಷ್ಟರಲ್ಲಿ ನಡೆದು ಮುಟ್ಟಬಹುದಾದ ದೂರ. ನಾಳೆ ಜುಂಜಪ್ಪನ ಪೆಟ್ಟಿಗೆ ಹೊರಬೇಕಾದ ಮಡಿಯ ಮೈ ಅದು, ಕಾಲು ಏಳಲಿಲ್ಲ. "ಹುಚ್ಚೀ, ಬಾರೇ! ಬೇಗ ಬಾರೇ!" ಎಂದು ಬಾವಿಗೆ ಹೋಗಿದ್ದ ಹೆಂಡತಿಯನ್ನು ಕೂಗಿದ. ಅವಳು ಬರುವ ತನಕ ಕೂಗುತ್ತಲೇ ಇದ್ದ, ನಿಂತೇ ಇದ್ದ. ಅಯ್ಯೋ, ಆ ಪಾಪಿ ಕಾಲುಗಳು! ಹುಚ್ಚಕ್ಕ ಕೊಡ ಬಿಸಾಕಿ, ಅವನನ್ನು ತಳ್ಳಿಕೊಂಡೇ ಗುಡ್ಲಿಗೆ ನುಗ್ಗಿದಳು. ಅವಳ ಕಿರುಚು ಕೇಳಿದ ಮೇಲೆಯೇ ಅವನು ಬೇಲಿ ದಾಟಿದ್ದು.

ಈರುಳ್ಳಿ ಲಾರಿಯೊಂದನ್ನು ಅಡ್ಡಹಾಕಿ ಮಗಳನ್ನು ಹಿರಿಯೂರಿಗೆ ಒಯ್ದರು. ದಾರಿಯಲ್ಲೇ ಅವನ ತೊಡೆಯ ಮೇಲೆ ಅವಳ ಉಸಿರು ನಿಂತಿತ್ತು. ಡಾಕ್ಟರು ಹಿಮ್ಮಡಿಯ ಗಾಯ ನೋಡಿ, "ಹಾವು ಯಾವಾಗ ಕಚ್ಚಿದ್ದು?" ಎಂದು ಕೇಳಿದರು. ಯಾವ ಪ್ರಶ್ನೆ ಕೇಳಿದಾಗ ಕಚ್ಚಿತು ಎಂಬುದು ಚಿತ್ತಯ್ಯನಿಗೆ ಗೊತ್ತಿತ್ತು.

ತಿಥಿ ಕಳೆದ ಮೇಲೆ ದೇವರ ಪೆಟ್ಟಿಗೆಯನ್ನು ಅಣ್ಣನ ಮಗನಿಗೆ ಒಪ್ಪಿಸಿದ. ಯಾಕೆಂದು ಹಟ್ಟಿಯಲ್ಲಿ ಯಾರೂ ಕೇಳಲಿಲ್ಲ. ಹುಚ್ಚಕ್ಕನಂತೂ ಅವನೊಡನೆ ಮಾತೇ ಬಿಟ್ಟಿದ್ದಳು. ಮುದ್ದೆ ಮುಂದಿಟ್ಟು ಎದ್ದುಹೋಗುತ್ತಿದ್ದಳು.

ಒಂದು ಸಂಜೆ ಅವನು ಗೈಡು ಹಿಡಿದು ಹೊರಟ. ಬಂಡೆಯ ಹತ್ತಿರ ನಿಲ್ಲಲಿಲ್ಲ. ಬೇಲಿ ದಾಟಿ, ಖಾಲಿ ಗುಡ್ಲಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಹಾಳೆ ತೆಗೆದ.

"ಮೆಟಫರ್ ಅಂದ್ರೇನು?"

ಅವಳಿಗೆ ಉತ್ತರ ಹೇಳಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟು ಹೊತ್ತು ಕಾದ. ಆಮೇಲೆ ಗೈಡು ಮುಚ್ಚಿ, ಬಗ್ಗಿ ಒಳಗಿನ ಕತ್ತಲೆಗೆ ಕೈ ಚಾಚಿದ.

"ಏನು ಕಚ್ತು ಮಗಾ? ಎಲ್ಲಿ, ಕಾಲು ತೋರ್ಸು."

ಮೆಲ್ಲಗೇ ಕೇಳಿದ. ಈಗ ಕೂಗಬೇಕಾಗಿರಲಿಲ್ಲ, ಅಷ್ಟು ಹತ್ತಿರ ಕುಳಿತಿದ್ದ.