ಸಣ್ಣ ಎಲುಬಿನ ಹೊಟ್ಟೆಕಿಚ್ಚು

ನಾನು ಒಂದು ಎಲುಬಿನ ಜೀವಕೋಶ. ಮಾಳವ್ವನ ಎಡಗಣಕಾಲಿನ ಹೊರಮಗ್ಗುಲಲ್ಲಿರುವ ಸಣ್ಣ ಎಲುಬು ನನ್ನ ಮನೆ. ಹುಟ್ಟಿದಾಗ ನಾನು ಕಟ್ಟುವ ಕೆಲಸದವಳು. ಎಲುಬಿನ ಮೇಲೆ ಕುಳಿತು ಸುತ್ತಲೂ ಸುಣ್ಣ ಮೆತ್ತುತ್ತ ಮೆತ್ತುತ್ತ, ಕೊನೆಗೆ ನಾನೇ ಕಟ್ಟಿದ ಗೋಡೆಯೊಳಗೆ ಸಿಕ್ಕಿಕೊಂಡೆ. ಸಾಯಲಿಲ್ಲ. ಗೋಡೆಯ ಸಣ್ಣ ಸುರಂಗಗಳಲ್ಲಿ ಕೈ ಚಾಚಿ ನೆರೆಯವರ ಕೈ ಹಿಡಿದುಕೊಂಡೆ.

ನನ್ನೊಳಗೂ ಒಂದು ಅಸ್ಥಿಪಂಜರವಿದೆ. ಅದು ಬಿಗಿಯಾಗಿ ಎಳೆದು ಕಟ್ಟಿದ ನವಿರು ದಾರಗಳದ್ದು. ಎಲುಬು ತುಸು ಬಾಗಿದರೂ ಸುರಂಗದ ನೀರು ಸರಕ್ಕನೆ ಹರಿದು ನನ್ನ ಕೈಗಳನ್ನು ಜಗ್ಗುತ್ತದೆ. ದಾರಗಳು ಬಿಗಿಯುತ್ತವೆ, ಆ ಎಳೆತ ನನ್ನ ನಡುವಿನ ಬೀಜದವರೆಗೂ ಮುಟ್ಟುತ್ತದೆ. ಭಾರ ಬಿದ್ದಿದ್ದು ನನಗೆ ತಿಳಿಯುವುದು ಹೀಗೆ. ಭಾರ ಹೆಚ್ಚಿದರೆ ಕಟ್ಟುವವರನ್ನು ಕರೆಯುತ್ತೇನೆ, ಇಲ್ಲವಾದರೆ ಬರಬೇಡಿ ಎನ್ನುತ್ತೇನೆ.

ಆದರೆ ನನಗೆ ಬೀಳುತ್ತಿದ್ದ ಭಾರವಾದರೂ ಎಷ್ಟು? ಮಾಳವ್ವ ಹಾವೇರಿ ಕಡೆಯ ಹೆಂಗಸರ ಡೊಳ್ಳಿನ ಮೇಳದಲ್ಲಿ ಮುಂದಿನ ಸಾಲಿನವಳು. ಡೊಳ್ಳು ಕಟ್ಟಿಕೊಂಡು ಅವಳು ಜಿಗಿದು ಇಳಿದಾಗಲೆಲ್ಲ ಆ ಹೊಡೆತವೆಲ್ಲ ಪಕ್ಕದ ದೊಡ್ಡ ಎಲುಬಿಗೇ ಹೋಗುತ್ತಿತ್ತು. ನನಗೆ ಸಿಗುತ್ತಿದ್ದದ್ದು ಉಳಿದ ಚೂರುಪಾರು. ಕುಣಿದು ಬಂದವಳು ಎಣ್ಣೆ ತಿಕ್ಕುತ್ತಿದ್ದದ್ದೂ ಅದಕ್ಕೇ. ಮಂಚಕ್ಕೆ ಎಡವಿದರೆ ಅಯ್ಯೋ ಎಂದು ಹಿಡಿದುಕೊಳ್ಳುತ್ತಿದ್ದದ್ದೂ ಅದನ್ನೇ. ನಾನೊಂದು ಇದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಆ ದೊಡ್ಡ ಎಲುಬಿನ ಜೀವಕೋಶಗಳು ದಿನವಿಡೀ ನಡುಗುತ್ತ, ಕಟ್ಟಿಸುತ್ತ, ಗಟ್ಟಿಯಾಗುತ್ತ ಇದ್ದವು. ನಾನು ಕುಳಿತಲ್ಲೇ ಕುದಿಯುತ್ತಿದ್ದೆ.

ಒಂದು ವರ್ಷ ದೊಡ್ಡ ಎಲುಬಿನ ನಡುವೆ ಗಡ್ಡೆ ಬೆಳೆಯಿತು. ಅಷ್ಟು ತುಂಡನ್ನು ಕತ್ತರಿಸಿ ತೆಗೆಯಲೇಬೇಕು ಎಂದರು ಹುಬ್ಬಳ್ಳಿಯ ಡಾಕ್ಟರ್ ಶಿರೋಳ. ಕಾಲೇ ಹೋಗುತ್ತದೇನು ಎಂದು ಮಾಳವ್ವ ಕೇಳಿದಳು. ಪಕ್ಕದ ಸಣ್ಣ ಎಲುಬನ್ನು ರಕ್ತನಾಳದ ಸಮೇತ ಸರಿಸಿ ಆ ಜಾಗದಲ್ಲಿ ಕೂಡಿಸುತ್ತೇನೆ, ಜೀವಂತ ಎಲುಬು, ಭಾರ ಬಿದ್ದಷ್ಟೂ ದಪ್ಪವಾಗುತ್ತದೆ, ಆದರೆ ಅವಸರ ಮಾಡಬಾರದು ಎಂದು ಅವರು ತಿಳಿಸಿ ಹೇಳಿದರು. ನೆರೆಯ ಎಲುಬು ಕೆಟ್ಟಿತೆಂದು ನನಗೆ ಮರುಕ ಬರಲಿಲ್ಲ. ನನ್ನ ಸರದಿ ಬಂತು ಎಂದಷ್ಟೇ ಅನ್ನಿಸಿತು.

ಶಸ್ತ್ರಚಿಕಿತ್ಸೆಯಾಗಿ ನಮ್ಮ ಎಲುಬು ದೊಡ್ಡ ಎಲುಬಿನ ಜಾಗಕ್ಕೆ ಬಂತು. ಸರದಿ ಬಂದರೂ ಭಾರ ಬರಲಿಲ್ಲ. ಮಾಳವ್ವ ತಿಂಗಳುಗಟ್ಟಲೆ ಮಂಚದಲ್ಲೇ ಇದ್ದಳು, ಆಮೇಲೆ ಊರುಗೋಲು ಹಿಡಿದಳು. ಶಾಲೆಯ ಬಯಲಿನಿಂದ ಸಂಜೆ ಡೊಳ್ಳು ಕೇಳಿದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಅವಳ ಜಾಗದಲ್ಲಿ ಹೊನ್ನವ್ವ ಕುಣಿಯುತ್ತಿದ್ದಳು. ಮೇಳಕ್ಕೆ ಅವಳನ್ನು ಸೇರಿಸಿಕೊಂಡು ಹೆಜ್ಜೆ ಕಲಿಸಿದವಳೇ ಮಾಳವ್ವ. ಈಗ ಹೊನ್ನವ್ವ ನೋಡಲು ಬಂದರೆ ಮಾಳವ್ವ ನಿದ್ದೆ ಬಂದವಳಂತೆ ಕಣ್ಣು ಮುಚ್ಚುತ್ತಿದ್ದಳು.

ಒಂದು ಸಂಜೆ ಮನೆಯಲ್ಲಿ ಯಾರೂ ಇರಲಿಲ್ಲ. ಬಯಲಿನಲ್ಲಿ ಮುಂದಿನ ಸಾಲಿನ ಡೊಳ್ಳು ಜೋರಾಯಿತು. ಮಾಳವ್ವ ಊರುಗೋಲನ್ನು ಗೋಡೆಗೆ ಒರಗಿಸಿ ಡೊಳ್ಳು ಕಟ್ಟಿಕೊಂಡಳು, ಜಿಗಿದಳು.

ಬಾಳಿನುದ್ದಕ್ಕೂ ನಾನು ಬೇಡಿದ್ದ ಭಾರ ಒಮ್ಮೆಲೇ ಬಂತು. ದಾರಗಳು ಹರಿಯುವಂತೆ ಬಿಗಿದವು. ಎಲುಬಿನಲ್ಲಿ ಸಣ್ಣ ಬಿರುಕು ಓಡಿತು, ನಾನು ಹಿಡಿದಿದ್ದ ಕೈಗಳು ಕೆಲವು ತಣ್ಣಗಾದವು. ದೊಡ್ಡ ಎಲುಬಿನವರು ಹೊತ್ತದ್ದು ಏನೆಂದು ಆಗ ಗೊತ್ತಾಯಿತು.

ಬಿದ್ದವಳನ್ನು ಎತ್ತಿದ್ದು, ಕುಣಿತ ಮುಗಿಸಿ ನೋಡಲು ಬಂದ ಹೊನ್ನವ್ವನೇ. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಮಾಳವ್ವ, "ನಿನ್ನ ಡೊಳ್ಳಿನ ಸದ್ದು ಕೇಳಿದ್ರ ನನ್ನ ಹೊಟ್ಯಾಗ ಬೆಂಕಿ ಬೀಳ್ತೈತಿ. ಅದಕ್ಕ ಜಿಗದೆ," ಎಂದಳು.

"ನೀ ಮುಂದ ಇದ್ದಾಗ ನಂಗೂ ಹಂಗ ಆಗ್ತಿತ್ತು, ಅಕ್ಕಾ," ಎಂದಳು ಹೊನ್ನವ್ವ. "ಈಗ ಮುಂದ ನಿಂತೇನಿ. ನಿನ್ನ ಡೊಳ್ಳು ಕೇಳಸದಿದ್ರ ಹೆಜ್ಜಿ ತಪ್ತೈತಿ."

ಮಾಳವ್ವ ಅವಳ ಕಡೆ ಕೈ ಚಾಚಿ, "ಹಂಗಾರ ಹಿಡಕೊಂಡು ನಡಸು," ಎಂದಳು.

ಬಿರುಕು ಕೂಡುವಾಗಲೇ ಎಲುಬು ದಪ್ಪವಾಗುವುದುಂಟು ಎಂದು ಡಾಕ್ಟರ್ ಸಮಾಧಾನ ಹೇಳಿ, ಮತ್ತೆ ಪಟ್ಟಿ ಕಟ್ಟಿದರು. ಪಟ್ಟಿ ಬಿಚ್ಚಿದ ಮೇಲೆ ಹೊನ್ನವ್ವ ದಿನಾ ಬಂದಳು. ಅವಳ ಹೆಗಲಿಗೆ ಆನಿಕೊಂಡು ಮಾಳವ್ವ ಅಂಗಳ ದಾಟಿದಳು, ಓಣಿ ದಾಟಿದಳು. ಒಂದೊಂದು ಹೆಜ್ಜೆಗೂ ನನ್ನ ದಾರಗಳು ಎಳೆದವು, ಒಂದೊಂದು ಎಳೆತಕ್ಕೂ ನಾನು ಕೂಗಿದೆ. ಕಟ್ಟುವವರು ಹಿಂಡುಗಟ್ಟಿ ಬಂದು ಪದರದ ಮೇಲೆ ಪದರ ಮೆತ್ತಿದರು. ಬೆರಳಿನಂತಿದ್ದ ನಮ್ಮ ಎಲುಬು ಮಾಳವ್ವನ ಮೈಭಾರವನ್ನೇ ಹೊರುವಷ್ಟು ದಪ್ಪವಾಯಿತು. ಮಾಳವ್ವ ಮೇಳಕ್ಕೆ ಮರಳಿದಳು. ಮೊದಲಿನಷ್ಟು ಎತ್ತರಕ್ಕೆ ಜಿಗಿಯಲಾರಳು. ಹೊನ್ನವ್ವನ ಪಕ್ಕದಲ್ಲೇ ಬಾರಿಸುತ್ತಾಳೆ, ಬಾರಿಸುತ್ತಲೇ ಅವಳ ಕಾಲುಗಳನ್ನು ಓರೆಗಣ್ಣಿನಿಂದ ನೋಡುತ್ತಾಳೆ.

ಈಗ ನನಗೆ ವಯಸ್ಸಾಗಿದೆ. ಸುರಂಗಗಳಲ್ಲಿ ಸುಣ್ಣ ತುಂಬುತ್ತಿದೆ, ಕೈಗಳು ಮೊದಲಿನಂತೆ ಚಾಚುವುದಿಲ್ಲ. ಎಲುಬು ಬಾಗುವಾಗ ಎಳೆತ ಹೆಚ್ಚಾಗಿ ಸಿಗುವುದು ಹೊರಮೈಯವರಿಗೆ. ಅಲ್ಲಿ ಈಗ ಇರುವುದು ನಾನು ಕೂಗಿ ಕರೆದವರೇ. ಅವರೂ ಕಟ್ಟುತ್ತ ಕಟ್ಟುತ್ತ ಗೋಡೆಯೊಳಗೆ ಸೇರಿ ನನ್ನಂಥ ಜೀವಕೋಶಗಳಾಗಿದ್ದಾರೆ. ಡೊಳ್ಳಿನ ಮೊದಲ ಹೊಡೆತ ಅವರದು. ನನಗೆ ಮುಟ್ಟುವ ಹೊತ್ತಿಗೆ ಅದು ಮೆತ್ತಗಾಗಿರುತ್ತದೆ. ಅವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅವರು ಬರದಿದ್ದರೆ ಮಾಳವ್ವ ನಿಲ್ಲುತ್ತಿರಲಿಲ್ಲ ಎಂಬುದೂ ಗೊತ್ತು. ಇವತ್ತೂ ಅವಳು ಹೆಜ್ಜೆ ಊರಿದಾಗ ನನ್ನೊಳಗಿನ ಒಂದು ದಾರ ಎಳೆಯಿತು. ಇದ್ದ ಶಕ್ತಿಯಲ್ಲಿ ಮತ್ತೆ ಕೂಗಿದೆ, ಇನ್ನೂ ಕೆಲವರು ಬರಲಿ ಎಂದು.