ಬಳಕೆಯಲ್ಲಿಲ್ಲದ ವಾಲ್ಯೂಮ್

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಸಂಸ್ಥೆಯೊಂದರಲ್ಲಿ ನಾನು ಹನ್ನೊಂದು ವರ್ಷದಿಂದ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ‘ನೋಡಿಕೊಳ್ಳುತ್ತಿದ್ದೇನೆ’ ಎಂಬುದು ನನ್ನ ಮಾತು. ಸಹೋದ್ಯೋಗಿಗಳು ಬೇರೆ ಕ್ರಿಯಾಪದ ಬಳಸುತ್ತಾರೆ.

ಓದುವವರ ದನಿಯೆಲ್ಲ ಎರಡನೆಯ ಮಹಡಿಯ ಮೂಲೆಕೋಣೆಯಲ್ಲಿರುವ ಕಪ್ಪು ಪೆಟ್ಟಿಗೆಗೆ ಬಂದು ಸೇರುತ್ತದೆ. ಅದರೊಳಗಿನ ಡಿಸ್ಕುಗಳನ್ನು ನಾನು ವಾಲ್ಯೂಮ್‌ಗಳಾಗಿ ವಿಂಗಡಿಸಿದ್ದೇನೆ, ದೊಡ್ಡ ಗೋದಾಮಿನಲ್ಲಿ ಗೋಡೆ ಎಬ್ಬಿಸಿ ಕೋಣೆ ಮಾಡಿದ ಹಾಗೆ. ಯಾರಿಗೆ ಯಾವ ಕೋಣೆ, ಅದು ಎಷ್ಟು ದೊಡ್ಡದು ಎಂದು ತೀರ್ಮಾನಿಸುವವನು ನಾನೇ. ಅದಕ್ಕೇ ಎಲ್ಲರೂ ನನ್ನನ್ನು ‘ಗೋದಾಮು ಸಾಹೇಬ್ರು’ ಅನ್ನುತ್ತಾರೆ. ಅದು ಗೌರವ ಎಂದು ಆರು ವರ್ಷ ನಂಬಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ನಿರ್ದೇಶಕಿ ಬಾಗಿಲಲ್ಲಿ ನಿಂತು ಕೇಳಿದರು. “ಸೋಮವಾರದಿಂದ ವಿಜ್ಞಾನದ ಪುಸ್ತಕ ಶುರು ಮಾಡ್ತೀವಿ. ಜಾಗ ಇದೆಯಾ?”

“ನಾನಿರೋವಾಗ ಜಾಗಕ್ಕೇನು ಬರ, ಮೇಡಂ?” ಎಂದೆ.

ಅವರು ಹೋದ ಮೇಲೆ ನೋಡಿದರೆ ಡಿಸ್ಕು ಶೇಕಡಾ ತೊಂಬತ್ತೇಳು ತುಂಬಿತ್ತು. ಯಾರೂ ಮುಟ್ಟದ ವಾಲ್ಯೂಮ್ ಯಾವುದೆಂದು ಹುಡುಕಿದೆ. ‘ಭೂಗೋಳ-ಕಚ್ಚಾ’ ಎಂಬುದು ಸಿಕ್ಕಿತು. ಎಂಟು ತಿಂಗಳಿಂದ ಅದರಲ್ಲಿ ಒಂದು ಚೂರೂ ಬದಲಾಗಿರಲಿಲ್ಲ. ಕೆಲಸ ಮುಗಿದಿರಬೇಕು ಅಂದುಕೊಂಡೆ. ಅಳಿಸಲು ಹೋದರೆ ಸರ್ವರ್ ‘ಬಳಕೆಯಲ್ಲಿದೆ’ ಎಂದು ತಡೆಯಿತು. ಹನ್ನೊಂದು ವರ್ಷದ ಅನುಭವಸ್ಥ ಯಂತ್ರದ ಮಾತು ಕೇಳುವುದುಂಟೇ? ಬಲವಂತದ ಆಜ್ಞೆ ಕೊಟ್ಟೆ. ಕೋಣೆ ಖಾಲಿಯಾಯಿತು. ಖುಷಿಯಲ್ಲಿ ಕಾಫಿ ತಂದುಕೊಂಡೆ.

ಕಾಫಿ ಅರ್ಧ ಕುಡಿಯುವಷ್ಟರಲ್ಲಿ ಕೆಳಮಹಡಿಯ ಎಡಿಟರಮ್ಮ ಹೆಡ್‌ಫೋನನ್ನು ಕೊರಳಿಗೆ ನೇತುಹಾಕಿಕೊಂಡೇ ಬಂದರು.

“ಸಾಹೇಬ್ರೇ, ಮೇಷ್ಟ್ರ ದನಿ ನಿಂತೋಯ್ತು.”

“ಯಾವ ಮೇಷ್ಟ್ರು?”

“ಭೂಗೋಳದ ಮೇಷ್ಟ್ರು. ಹದಿನೈದನೇ ಪಾಠ ಕೇಳ್ತಾ ಇದ್ದೆ. ಎಲ್ಲಿ ಕೆಮ್ಮಿದಾರೆ, ಎಲ್ಲಿ ಎರಡು ಸಲ ಓದಿದಾರೆ ಅಂತ ಕಾಗದದಲ್ಲಿ ಗುರುತು ಹಾಕೊಳ್ತಾ ಇದ್ದೆ. ಇದ್ದಕ್ಕಿದ್ದಂಗೆ ಎಲ್ಲಾ ಮಾಯ.”

ಕಾಫಿ ಲೋಟ ಕೆಳಗಿಟ್ಟೆ. ಅವರು ಎಂಟು ತಿಂಗಳೂ ಆ ಕೋಣೆಗೆ ಹೋಗಿಬರುತ್ತಲೇ ಇದ್ದರು. ಆದರೆ ಬರೀ ಕೇಳುತ್ತಿದ್ದರು, ಏನನ್ನೂ ಬದಲಿಸುತ್ತಿರಲಿಲ್ಲ. ಬರೀ ಕೇಳಿದ್ದನ್ನು ದಾಖಲಿಸಬೇಡ ಎಂದು ಸರ್ವರಿಗೆ ಹಿಂದಿನ ವರ್ಷ ಹೇಳಿಕೊಟ್ಟವನೂ ನಾನೇ. ಅದರ ಕೆಲಸ ಚುರುಕಾಗಲಿ ಎಂದು!

“ಬ್ಯಾಕಪ್ ಇದೆ ಬಿಡಿ,” ಎಂದು ನಕ್ಕೆ.

ಇರಲಿಲ್ಲ. ಬ್ಯಾಕಪ್ಪಿನ ವಾಲ್ಯೂಮ್ ಒಂಬತ್ತು ತಿಂಗಳ ಹಿಂದೆಯೇ, ಮೇಷ್ಟ್ರು ಓದಲು ಶುರು ಮಾಡುವ ಮೊದಲೇ, ಭರ್ತಿಯಾಗಿ ಪ್ರತಿಗಳು ನಿಂತಿದ್ದವು. ಹಾಗೆಂದು ಸರ್ವರ್ ನನಗೆ ದಿನಕ್ಕೊಂದು ಪತ್ರ ಕಳಿಸುತ್ತಿತ್ತು. ಕಾಟ ತಡೆಯಲಾರದೆ ಅವೆಲ್ಲ ನೇರವಾಗಿ ‘ಆಮೇಲೆ’ ಎಂಬ ಫೋಲ್ಡರಿಗೆ ಹೋಗುವಂತೆ ಮಾಡಿದ್ದೆ. ಅಲ್ಲಿ ಇನ್ನೂರ ಎಪ್ಪತ್ತೆರಡು ಪತ್ರಗಳು ಓದದೆ ಬಿದ್ದಿದ್ದವು. ಇನ್ನು, ಆ ವಾಲ್ಯೂಮನ್ನು ತುಂಬಿಸಿದವರು ಯಾರೆಂದು ಹುಡುಕುವ ಶ್ರಮವೇನೂ ಬೀಳಲಿಲ್ಲ. ನನ್ನ ಮಗಳು ನಾಲ್ಕನೆಯ ವಯಸ್ಸಿನಲ್ಲಿ ಕೊಳದ ಅಂಚು ಹಿಡಿದು ಅತ್ತಲ್ಲಿಂದ ಹದಿನಾಲ್ಕರಲ್ಲಿ ಪದಕ ಗೆಲ್ಲುವವರೆಗಿನ ಅಷ್ಟೂ ಈಜಿನ ವಿಡಿಯೊಗಳು ಅಲ್ಲಿದ್ದವು. ನನ್ನ ಫೋನಿನಲ್ಲಿ ಜಾಗ ಸಾಲದೆ ಹೋದಾಗ ‘ತಾತ್ಕಾಲಿಕವಾಗಿ’ ಇಟ್ಟಿದ್ದೆ.

ನಿರ್ದೇಶಕಿಗೆ ಎಲ್ಲ ಒಪ್ಪಿಸಿದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಓದಿ ಮುಗಿಸಿದ ಮೇಲೆ ಮೇಷ್ಟ್ರಿಗೆ ಗಂಟಲಿನ ಆಪರೇಷನ್ ಆಯ್ತು, ಗೊತ್ತಾ? ಈಗ ಅವರಿಗೆ ದನೀನೇ ಇಲ್ಲ, ಬರೀ ಉಸಿರು,” ಎಂದರು. “ಇನ್ನೊಂದ್ಸಲ ಓದಿ ಅನ್ನೋಕಾಗಲ್ಲ. ನೀವೇ ಹೋಗಿ ಹೇಳಿ.”

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ವಿಷಯ ಕೇಳಿದ ಹೆಂಡತಿ, “ನನ್ನ ಹಳೇ ಸ್ವೆಟರ್ ಕಪಾಟಲ್ಲಿ ಜಾಗ ತಿನ್ನುತ್ತೆ ಅಂತ ವರ್ಷಗಟ್ಟಲೆ ಭಾಷಣ ಮಾಡಿದ್ರಲ್ಲ, ಇದೇನಾ ನಿಮ್ಮ ಶಿಸ್ತು?” ಎಂದಳು. ನಾನು ಮಗಳ ಕಡೆ ನೋಡಿದೆ. ಅವಳಿಗಾಗಿಯೇ ತಾನೇ ಇಷ್ಟೆಲ್ಲ?

“ಅಪ್ಪಾ, ಆ ವಿಡಿಯೊಗಳಲ್ಲಿ ಅರ್ಧಕ್ಕರ್ಧ ನಿನ್ನ ಹೆಬ್ಬೆರಳೇ ಕಾಣ್ಸೋದು,” ಎಂದಳು ಅವಳು.

ಮರುದಿನ ಕಚೇರಿಯಿಂದ ಮೇಷ್ಟ್ರ ಮನೆಗೆ ಹೊರಟಿದ್ದೆ. ಎಡಿಟರಮ್ಮ ಅಡ್ಡ ಬಂದು ಮೇಜಿನ ಮೇಲೆ ಅಂಗೈಯಗಲದ ಡಿಸ್ಕೊಂದನ್ನು ಇಟ್ಟರು.

“ಸ್ವಂತ ಡಿಸ್ಕ್ ತಂದು ಕಾಪಿ ಮಾಡ್ಕೊಂಡ್ರೆ ಶಿಸ್ತುಕ್ರಮ ಅಂತ ನೀವು ಸುತ್ತೋಲೆ ಕಳಿಸಿದ್ರಲ್ಲ? ಮನೇಲಿ ಕೇಳೋಕೆ ಅಂತ ನಾನು ಮಾಡ್ಕೊಂಡಿದೀನಿ. ಮೊದಲ ಹದಿನಾಲ್ಕು ಪಾಠ ಇದೆ. ಕ್ರಮ ತಗೊಳ್ಳಿ.”

ನನ್ನ ಕಣ್ಣಲ್ಲಿ ನೀರು ಬಂತು. ಎಸಿ ಗಾಳಿಗೆ ಎಂದೆ. ಅಂದು ಎಸಿ ಕೆಟ್ಟಿತ್ತು.

ಉಳಿದದ್ದು ಕೊನೆಯ ಎರಡು ಪಾಠ. ಮೇಷ್ಟ್ರ ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುತ್ತ ಕ್ಷಮಾಪಣೆಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರ ಕೊರಳಿನ ಹೊಲಿಗೆಯ ಗುರುತು ಕಂಡದ್ದೇ ಎಲ್ಲ ಮರೆತು, “ಮೇಷ್ಟ್ರೇ, ನಿಮ್ಮ ದನಿ ಅಳಿಸಿಬಿಟ್ಟೆ,” ಎಂದುಬಿಟ್ಟೆ.

ಅವರ ಕೈ ತಾನಾಗಿ ಕೊರಳಿನ ಹೊಲಿಗೆಯ ಮೇಲೆ ಹೋಯಿತು. ಅದು ಅವರ ಕೊನೆಯ ದನಿ ಎಂಬುದು ನನಗೆ ನಿಜವಾಗಿ ತಟ್ಟಿದ್ದು ಆಗಲೇ. ಅಲ್ಲಿಯವರೆಗೆ ಅದು ನನಗೆ ನಲವತ್ತು ಗಿಗಾಬೈಟ್ ಆಗಿತ್ತು. ಆಮೇಲೆ ಅವರು ಕಪಾಟಿನಿಂದ ಪುಸ್ತಕ ತೆಗೆದು, ಹದಿನೈದನೆಯ ಪಾಠ ಬಿಡಿಸಿ ನನ್ನ ಮುಂದೆ ಹಿಡಿದರು.

“ಓದು,” ಎಂದರು ಉಸಿರಿನಲ್ಲೇ.

“ನಾನಾ?”

“ಮತ್ಯಾರು? ಕಳೆದೋನು ನೀನು.”

ಪಾಠ ಹಿಮನದಿಗಳ ಬಗ್ಗೆ ಇತ್ತು. “ಸೀತ ಪ್ರದೇಸಗಳಲ್ಲಿ...” ಎಂದು ಆರಂಭಿಸಿದೆ. ಮೇಷ್ಟ್ರು ಪೆನ್ಸಿಲಿನಿಂದ ಮೇಜು ಕುಟ್ಟಿದರು. “ಶೀ... ಶ...” ಎಂದು ತಿದ್ದಿದರು. ದನಿ ಹೋದ ಅವರ ಬಾಯಲ್ಲಿ ಆ ‘ಶ’ ಎಷ್ಟು ಸ್ಪಷ್ಟವಾಗಿತ್ತೆಂದರೆ, ದನಿಯಿದ್ದೂ ಅದೊಂದು ಬಾರದ ನನಗೆ ನಾಚಿಕೆಯಾಯಿತು. ಮೊದಲ ಪುಟ ದಾಟಲು ಎರಡು ದಿನ ಹಿಡಿಯಿತು. ಮೂರು ವಾರ ದಿನಾ ಮಧ್ಯಾಹ್ನ ಅವರ ಮುಂದೆ ಕೂತು ಓದಿದೆ. ನಲವತ್ತಾರನೆಯ ವಯಸ್ಸಿನಲ್ಲಿ ‘ಶಿಲೆ’, ‘ಶಿಖರ’, ‘ಶೇಖರಣೆ’ ಎಂದು ಅಭ್ಯಾಸ ಮಾಡಿದೆ. ಅಂದ ಹಾಗೆ, ಶೇಖರಣೆ ನನ್ನ ಉದ್ಯೋಗ. ಅದನ್ನೂ ಅಲ್ಲಿಯವರೆಗೆ ‘ಸೇಕರಣೆ’ ಎನ್ನುತ್ತಿದ್ದೆ.

ಕೊನೆಗೆ ಸ್ಟುಡಿಯೊದಲ್ಲಿ ಧ್ವನಿಮುದ್ರಣವಾಯಿತು. ಮೇಷ್ಟ್ರು ಗಾಜಿನಾಚೆ ಪೆನ್ಸಿಲ್ ಹಿಡಿದು ಕೂತಿದ್ದರು. ಕೊನೆಯ ಸಾಲು ಮುಗಿದಾಗ ತಲೆಯಾಡಿಸಿದರು. ಮೆಚ್ಚಿಯೋ, ಸುಸ್ತಾಗಿಯೋ ನಾನು ಕೇಳಲಿಲ್ಲ.

ಪುಸ್ತಕ ಹೊರಬಂದ ಎರಡು ತಿಂಗಳ ಮೇಲೆ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿದಳಂತೆ. “ಮೇಷ್ಟ್ರು ಓದಿರೋದು ಕೇಳ್ತಾ ಇದ್ರೆ ಮುಗಿದಿದ್ದೇ ಗೊತ್ತಾಗಲ್ಲ. ಕೊನೇ ಎರಡು ಪಾಠದೋರು ಯಾರು? ಪಾಪ, ಯಾರೋ ಹಿಂದೆ ನಿಂತು ಹೊಡೀತಾರೆ ಅನ್ನೋ ಹಂಗೆ ಓದ್ತಾರೆ. ಆದ್ರೆ ನಿಧಾನ ಇದೆ, ನೋಟ್ಸ್ ಮಾಡ್ಕೊಳ್ಳೋಕೆ ಒಳ್ಳೇದಾಯ್ತು.”

ಇದನ್ನು ಹೇಳಿದಾಗ ಮೇಷ್ಟ್ರು ಭುಜ ಕುಲುಕಿಸಿ ನಕ್ಕರು. ಅವರ ನಗುವಿಗೆ ಸದ್ದಿಲ್ಲ. ಅವರದನ್ನೂ ಸೇರಿಸಿ ನಾನೇ ಜೋರಾಗಿ ನಕ್ಕೆ.

ವಿಜ್ಞಾನದ ಪುಸ್ತಕಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಆದರೆ ಕಟ್ಟಡಕ್ಕೆ ಬೆಂಕಿ ಬಿದ್ದರೆ ಹೊರಗೆ ಓಡುವುದು ಹೇಗೆ ಎಂಬ ಸೂಚನೆಯನ್ನು ನಿರ್ದೇಶಕಿ ನನ್ನಿಂದಲೇ ಓದಿಸಿ ಎಲ್ಲ ಮಹಡಿಗಳ ಧ್ವನಿವರ್ಧಕಗಳಿಗೂ ಹಾಕಿಸಿದ್ದಾರೆ. ಆ ಕೆಲಸಕ್ಕೆ ಇಷ್ಟು ಹೆದರಿದ ದನಿ ಬೇರೆಲ್ಲೂ ಸಿಗುವುದಿಲ್ಲವಂತೆ.